ಮೊದಲ ಬಹುಮಾನ ಬಂದ ಮಗು

೧೯೮೬ರ ಬೇಸಿಗೆಯಲ್ಲಿ ನನಗೆ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ವರ್ಗವಾಯಿತು. ಹುದ್ದೆ ಅದೇ, ಎ.ಎನ್.ಎಂ. ಅಂದರೆ ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಕೂಸುಗಳನ್ನು ನೋಡಿಕೊಳ್ಳುವ ನರ್ಸು. ಜನರ ಬಾಯಲ್ಲಿ ನರ್ಸಮ್ಮ. ಆಗ ನನಗೆ ಮೂವತ್ತಾರು ವರ್ಷ, ಹನ್ನೊಂದು ವರ್ಷದ ಸರ್ವೀಸು.

ನಾನು ಹುಟ್ಟಿನಿಂದಲೇ ಆತಂಕದವಳು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿಯ ಕೊನೆಯಿಂದ ವಾಪಸು ಬಂದು ನಾಲ್ಕನೇ ಸಲ ಎಳೆಯುವವಳು. ಲಸಿಕೆ ಡಬ್ಬಿಯ ಐಸು ಕರಗಿಹೋದೀತೆಂದು ಅದಕ್ಕೆ ಟವೆಲು ಸುತ್ತಿ ಎದೆಗವುಚಿಕೊಂಡು ಬಸ್ ಹತ್ತಿದಾಗ, ಕೈಗೂಸಿನ ತಾಯಿಯೆಂದು ಒಬ್ಬರು ಸೀಟು ಬಿಟ್ಟುಕೊಟ್ಟದ್ದೂ ಉಂಟು. ಕೂತೆ, ಇಲ್ಲ ಅನ್ನಲಿಲ್ಲ. ಇಷ್ಟೆಲ್ಲ ಚಿಂತೆ ಮಾಡುವವಳು ಒಂದು ಮಗುವಿನ ವಿಷಯದಲ್ಲಿ ಮಾತ್ರ ನಾಲ್ಕು ತಿಂಗಳು ನಿಶ್ಚಿಂತೆಯಿಂದ ಇದ್ದುಬಿಟ್ಟೆ.

ಅದಕ್ಕೆ ಕಲ್ಯಾಣದುರ್ಗದ ಹನ್ನೊಂದು ವರ್ಷವೂ ಒಂದು ಕಾರಣ. ಅಲ್ಲಿ ನನ್ನ ಪಾಲಿಗೆ ಬಂದ ಊರುಗಳಲ್ಲಿ ಕೂಸುಗಳು ಬಡಕಲು. ಸ್ಪ್ರಿಂಗ್ ತಕ್ಕಡಿಯನ್ನು ತೊಲೆಗೆ ಕಟ್ಟಿ, ಬಟ್ಟೆಯ ಚಡ್ಡಿಯಲ್ಲಿ ಮಗುವನ್ನು ಇಳಿಬಿಟ್ಟು ತೂಗಿ, ಬೆಳವಣಿಗೆ ನಕ್ಷೆಯಲ್ಲಿ ಒಂದು ಚುಕ್ಕೆ ಇಡುವುದು ನನ್ನ ಕೆಲಸ. ಚುಕ್ಕೆಗಳನ್ನು ಸೇರಿಸಿದ ಗೆರೆ ಮೇಲೇರಿದರೆ ಮಗು ಚೆನ್ನಾಗಿದೆ, ಮಲಗಿದರೆ ಅಪಾಯ. ಮಲಗಿದ ಗೆರೆಗಳನ್ನೇ ನೋಡಿ ನೋಡಿ ನನ್ನ ಕಣ್ಣು ಒಂದನ್ನೇ ಹುಡುಕುವಂತಾಗಿತ್ತು. ಗೆರೆ ಏರಿತು ಅಂದರೆ ಮುಗಿಯಿತು, ಮುಂದಿನ ಮನೆ.

ಹಿಂದೂಪುರದಲ್ಲಿ ನನಗೆ ಕೊಟ್ಟ ಬೀದಿಗಳಲ್ಲಿ ಒಂದು ನೇಕಾರರದು. ಅಲ್ಲಿ ಸರೋಜ ಎಂಬ ಹುಡುಗಿಯ ಚೊಚ್ಚಲ ಮಗ ಮಂಜುವಿಗೆ ಆಗ ಮೂರು ತಿಂಗಳು. ಐದು ಕಿಲೋ ತೂಕ, ಅದಕ್ಕೇನೂ ಕೊರತೆಯಿಲ್ಲ. ತೊಂದರೆ ಚರ್ಮದ್ದು. ಕೆನ್ನೆಗಳು ಕೆಂಪಾಗಿ ಒಡೆದು ನೀರು ಜಿನುಗುತ್ತಿತ್ತು. ಮೊಣಕೈ ಮೊಣಕಾಲಿನ ಮಡಿಕೆಗಳು ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟಿದ್ದವು. ವೈದ್ಯರು ಇದಕ್ಕೆ ಎಕ್ಸಿಮಾ ಅನ್ನುತ್ತಾರೆ.

"ಒಂದ್ ಗಳಿಗೆ ಸುಮ್ಕಿರಲ್ಲ ಕಣಮ್ಮ," ಅಂದಳು ಸರೋಜ. "ದಿಂಬಿಗೆ ಕೆನ್ನೆ ತಿಕ್ಕಿ ತಿಕ್ಕಿ ರಕ್ತ ಬರಿಸ್ಕೊಂತಾನೆ. ಇವನ್ನ ಎತ್ಕೊಂಡೇ ಇದ್ರೆ ನಾನು ಕಂಡಿಕೆ ಸುತ್ತೋದು ಯಾವಾಗ? ಅಲ್ಲಿ ಅವ್ರು ಮಗ್ಗ ನಿಲ್ಲಿಸ್ಕೊಂಡು ಕೂತವ್ರೆ."

ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ಸುತ್ತಿಕೊಡುವುದು ಹೆಂಗಸರ ಕೆಲಸ. ಅದು ನಿಂತರೆ ಮಗ್ಗ ನಿಂತಂತೆ. ಸರೋಜಳ ಗಂಡ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ತಪ್ಪು ತನ್ನದೇ ಎಂಬಂತೆ ನನ್ನತ್ತ ನೋಡಿ ನಕ್ಕ. ಅತ್ತೆ ನಂಜಮ್ಮ ಮಾತ್ರ ನಗಲಿಲ್ಲ. ಆ ಬೀದಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುವ ಕೈ ಆಕೆಯದು.

"ಎಷ್ಟು ಕೂಸುಗೆ ನೀರು ಹಾಕಿದೀನಿ ಲೆಕ್ಕ ಇಲ್ಲ ನರ್ಸಮ್ಮ. ಒಂದರ ಚರ್ಮಾನೂ ಹಿಂಗೆ ಸೀಳಿಲ್ಲ. ನನ್ ಮೊಮ್ಮಗನ್ದೇ ಸೀಳ್ಬೇಕಾ? ಬೀದಿ ಮಂದಿ ಏನಂತಾರೆ?"

ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಸ್ಟೀರಾಯ್ಡ್ ಮುಲಾಮು ಬರೆದರು. ಸ್ಟೀರಾಯ್ಡ್ ಅನ್ನುವುದು ನಮ್ಮ ದೇಹವೇ ತಯಾರಿಸಿಕೊಳ್ಳುವ ಒಂದು ರಸವನ್ನು ಹೋಲುವ ಔಷಧ. ಉರಿ, ಕೆರೆತ, ಕೆಂಪನ್ನು ಬೇಗ ಇಳಿಸುತ್ತದೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು: ಕೆಂಪಾದ ಜಾಗಕ್ಕೆ ಮಾತ್ರ, ತೆಳ್ಳಗೆ, ದಿನಕ್ಕೆ ಎರಡು ಸಲ, ಏಳು ದಿನ. ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ಕೆಂಪು ಜಾಗ ಅಂದೆ, ತೆಳ್ಳಗೆ ಅಂದೆ, ಎರಡು ಸಲ ಅಂದೆ. ಏಳು ದಿನ ಅಂದೆನೇ ಎಂದು ಹನ್ನೆರಡು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಂದಿರಬೇಕು. ಅಂದ ನೆನಪಿಲ್ಲ.

ಹತ್ತು ದಿನ ಬಿಟ್ಟು ಹೋದರೆ ಮಗುವಿನ ಕೆನ್ನೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ತೊಟ್ಟಿಲು ತೂಗುವವರಿಲ್ಲದೆಯೂ ನಿದ್ದೆ. ಮಗ್ಗ ನಡೆಯುತ್ತಿತ್ತು. ನಂಜಮ್ಮ ನನ್ನ ಕೈಗೆ ಬೆಲ್ಲದ ಚೂರು ಕೊಟ್ಟಳು. ತೂಗಿದೆ, ಚುಕ್ಕೆ ಇಟ್ಟೆ, ಹೊರಟೆ.

ಆ ಮೇಲಿನ ಚುಕ್ಕೆಗಳು ಏಣಿ ಹತ್ತಿದವು. ನಾಲ್ಕನೇ ತಿಂಗಳಿಗೆ ಆರು ಕಿಲೋ, ಐದಕ್ಕೆ ಏಳೂಕಾಲು, ಏಳಕ್ಕೆ ಒಂಬತ್ತೂವರೆ. ನಕ್ಷೆಯ ಮೇಲಿನ ಗೆರೆಯನ್ನೂ ದಾಟಿತು. ಮುಖ ಹುಣ್ಣಿಮೆ ಚಂದ್ರ, ಕೆನ್ನೆ ಉಬ್ಬಿ ಕಣ್ಣು ಚಿಕ್ಕದಾಗಿತ್ತು. ಹಣೆಯ ಮೇಲೂ ಬೆನ್ನ ಮೇಲೂ ನವಿರಾದ ಕೂದಲು ಬಂದಿತ್ತು.

"ಇದೇನಜ್ಜಿ, ಹಣೆ ತುಂಬ ಕೂದಲು?" ಎಂದು ಒಮ್ಮೆ ಕೇಳಿದ್ದೆ.

"ಅವ್ರ ತಾತಂದು ಕಣಮ್ಮ. ಆತನ ಕಿವಿಯಾಗೂ ಇತ್ತು. ನಾ ಬಂಗಾರು ತಂಡ್ರೀ!" ಎಂದು ನಂಜಮ್ಮ ತೆಲುಗಿನಲ್ಲಿ ಮೊಮ್ಮಗನನ್ನು ಮುದ್ದಿಸಿದಳು. ನಾನು ತಾತನನ್ನು ಒಪ್ಪಿಕೊಂಡೆ. ಚೀಲದಲ್ಲಿ ಅಳತೆಯ ಟೇಪು ಇತ್ತು. ಉದ್ದ ಅಳೆದಿದ್ದರೆ ಮಗು ನಾಲ್ಕು ತಿಂಗಳಲ್ಲಿ ಬೆಳೆದೇ ಇಲ್ಲ, ಊದಿದೆ ಅಷ್ಟೇ ಎಂದು ಗೊತ್ತಾಗುತ್ತಿತ್ತು. ರಿಜಿಸ್ಟರಿನಲ್ಲಿ ಉದ್ದದ ಕಾಲಮ್ಮು ಖಾಲಿ. ಆ ಕಾಲಮ್ಮನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಬದಲಿಗೆ ನಾನು ಮಾಡಿದ್ದು ಏನು? ಆ ವರ್ಷ ನಮ್ಮಲ್ಲಿ ಆರೋಗ್ಯವಂತ ಶಿಶು ಸ್ಪರ್ಧೆ ನಡೆಯಿತು. ಅಂಥವು ಆಗ ಅಲ್ಲಲ್ಲಿ ನಡೆಯುತ್ತಿದ್ದವು. ಮಂಜುವಿಗೆ ಹೊಸ ಅಂಗಿ ತೊಡಿಸಿ, ದೃಷ್ಟಿಬೊಟ್ಟಿಟ್ಟು ನಾನೇ ಎತ್ತಿಕೊಂಡು ಹೋದೆ. ಮೊದಲ ಬಹುಮಾನ, ಒಂದು ಸ್ಟೀಲ್ ಬೋಗುಣಿ. ಹೆಂಗಸರೆಲ್ಲ ಸುತ್ತುಗಟ್ಟಿ, "ಏನ್ ತಿನ್ನಿಸ್ತೀಯಮ್ಮ?" ಎಂದು ಕೇಳಿದರೆ ನಂಜಮ್ಮ ಅಂಗೈ ತೋರಿಸಿ, "ಕೈಯೆಣ್ಣೆ ಕಣ್ರಮ್ಮ, ಕೈಯೆಣ್ಣೆ," ಅನ್ನುತ್ತಿದ್ದಳು. ವಾರಗಟ್ಟಲೆ ನಾನು ಬೇರೆ ಮನೆಗಳಲ್ಲಿ, "ಹೋಗಿ ಸರೋಜನ ಮಗು ನೋಡಿಕೊಂಡು ಬನ್ನಿ," ಎಂದು ಭಾಷಣ ಮಾಡಿದೆ.

ಆ ಕೈಯೆಣ್ಣೆಯನ್ನು ನಾನು ಕಂಡದ್ದು ಅಕ್ಟೋಬರಿನ ಒಂದು ಬೆಳಿಗ್ಗೆ. ಸಾಮಾನ್ಯವಾಗಿ ಆ ಬೀದಿಗೆ ಮಧ್ಯಾಹ್ನ ಹೋಗುತ್ತಿದ್ದೆ. ಅಂದು ಮಧ್ಯಾಹ್ನ ಮೀಟಿಂಗ್ ಇದ್ದುದರಿಂದ ಎಂಟಕ್ಕೇ ಹೋದೆ. ಹಿತ್ತಲ ಬಚ್ಚಲಲ್ಲಿ ನಂಜಮ್ಮ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆಯ ಬಟ್ಟಲು. ಆಕೆ ಮುಲಾಮಿನ ಟ್ಯೂಬನ್ನು ಬುಡದಿಂದ ಮಡಿಸಿ ಹಿಂಡಿ, ಅರ್ಧದಷ್ಟನ್ನು ಆ ಎಣ್ಣೆಗೆ ಬೆರೆಸಿದಳು. ಬೆರಳಲ್ಲಿ ಕಲೆಸಿದಳು. ನೆತ್ತಿಯಿಂದ ಅಂಗಾಲಿನವರೆಗೆ ಹಚ್ಚಿ, ಸಂದುಸಂದಿಗೂ ತಿಕ್ಕಿದಳು. ಆಮೇಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು. ಔಷಧವನ್ನು ಚರ್ಮದ ಮೂಲಕ ಒಳಗೆ ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾವ ಕಂಪನಿಗೂ ಹೊಳೆಯಲಾರದು.

"ಅಜ್ಜಿ! ಎಷ್ಟು ದಿನದಿಂದ ಹಿಂಗೆ ಹಾಕ್ತಿದೀಯ?"

"ನೀನು ಹೇಳಿದ್ ದಿನದಿಂದ. ಕೆನ್ನೆಗೆ ಹಚ್ಚಿದ್ರೆ ಕೆನ್ನೆ ವಾಸಿ ಆಯ್ತದೆ, ಮೈಗೆಲ್ಲ ಹಚ್ಚಿದ್ರೆ ಮೈಯೆಲ್ಲ ವಾಸಿ ಆಗಲ್ವಾ? ಅದೇ ಚೀಟಿ ತೋರ್ಸಿದ್ರೆ ಅಂಗಡಿಯಾಗೆ ಕೊಡ್ತಾರೆ."

ಮುಲಾಮು ಹೆಚ್ಚಾದರೆ ಕೆಟ್ಟದ್ದು ಎಂಬಷ್ಟು ತರಬೇತಿಯಲ್ಲಿ ಕಲಿತಿದ್ದೆ. ಏಕಾಏಕಿ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು ಎಂಬುದು ಗೊತ್ತಿರಲಿಲ್ಲ. "ಇವತ್ತಿಂದ ಒಂದು ಹನಿ ಮುಟ್ಟಕೂಡದು," ಎಂದು ಗದರಿಸಿ, ಬಟ್ಟಲಿನ ಎಣ್ಣೆ ಚೆಲ್ಲಿ, ಮನೆಯಲ್ಲಿದ್ದ ಮೂರು ಟ್ಯೂಬುಗಳನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ. ಡಾಕ್ಟರಿಗೆ ಹೇಳಬೇಕಿತ್ತು. ಹೇಳಿದರೆ, "ನಾಲ್ಕು ತಿಂಗಳು ನೀವೇನು ನೋಡುತ್ತಿದ್ದಿರಿ?" ಎಂಬ ಪ್ರಶ್ನೆ ಬರುತ್ತದೆ. ಬಹುಮಾನದ ಸುದ್ದಿ ಬೇರೆ ಎಲ್ಲರಿಗೂ ಗೊತ್ತು. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ.

ಆರನೇ ದಿನ ಬೆಳಿಗ್ಗೆ ಸರೋಜಳ ಗಂಡ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. "ಮಗು ಹಾಲು ಕುಡೀತಿಲ್ಲ ನರ್ಸಮ್ಮ. ನಿನ್ನೆ ನೆಗಡಿ ಇತ್ತು, ಈಗ ವಾಂತಿ. ಎತ್ತಿದ್ರೆ ಕೈಕಾಲು ಜೋತುಬೀಳ್ತಾವೆ," ಅಂದ.

ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಡ್ಯೂಟಿಯಲ್ಲಿದ್ದವರು ಬೇರೆ ಡಾಕ್ಟರು, ಮಗುವನ್ನು ಮೊದಲು ಕಂಡವರಲ್ಲ. ಜ್ವರ, ವಾಂತಿ, ನಿತ್ರಾಣ, ದುಂಡುದುಂಡಾದ ಮಗು. ವಾಂತಿಯಿಂದ ನೀರಿನಂಶ ಕಡಿಮೆಯಾಗಿದೆ ಎಂದು ಸಲೈನ್ ಹಾಕಿದರು. ಯಾರಿದ್ದರೂ ಹಾಗೇ ಮಾಡುತ್ತಿದ್ದರು.

"ಏನಾದರೂ ಔಷಧಿ ಕೊಡ್ತಾ ಇದ್ದಿರಾ?"

"ಏನೂ ಇಲ್ಲ ಸಾಮಿ. ತಾಯಿ ಹಾಲು ಬಿಟ್ರೆ ಬಾಯಿಗೆ ಏನೂ ಹಾಕಿಲ್ಲ," ಅಂದಳು ನಂಜಮ್ಮ. ಆಕೆ ಸುಳ್ಳು ಹೇಳಲಿಲ್ಲ. ಬಾಯಿಗೆ ಹಾಕಿರಲಿಲ್ಲ.

ನಾನು ಬೆಂಚಿನ ಮೇಲೆ ಕೂತಿದ್ದೆ. ಮುಲಾಮಿಗೂ ಇದಕ್ಕೂ ಏನು ಸಂಬಂಧ, ಅದು ಚರ್ಮಕ್ಕೆ ಹಚ್ಚಿದ್ದು, ಇದು ಹೊಟ್ಟೆಯ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ಸಲೈನ್ ಇಳಿದರೆ ಸರಿಹೋಗುತ್ತದೆ ಅಂದುಕೊಂಡೆ. ಪ್ರತಿಯೊಂದಕ್ಕೂ ಗಾಬರಿಯಾಗುವ ನಾನು ಅಂದು ಒಂದೂವರೆ ಗಂಟೆ ಬಹಳ ಧೈರ್ಯಸ್ಥಳಾಗಿದ್ದೆ.

ಹತ್ತೂವರೆಗೆ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಬಲಗೈ ಬಲಗಾಲು ಅದುರತೊಡಗಿದವು. ಸರೋಜಳ ಕೂಗು ಇಡೀ ವಾರ್ಡಿಗೆ ಕೇಳಿಸಿತು. ನಾನು ಎದ್ದು ಚೀಲ ತೆರೆದು ಮೂರು ಟ್ಯೂಬುಗಳನ್ನು ಡಾಕ್ಟರ ಮೇಜಿನ ಮೇಲಿಟ್ಟೆ.

"ಎಷ್ಟು ದಿನ ಹಚ್ಚಿದರು?"

"ನಾಲ್ಕು ತಿಂಗಳು ಸಾರ್. ಮೈಗೆಲ್ಲ. ಎಣ್ಣೆಯಲ್ಲಿ ಕಲೆಸಿ."

"ನಿಲ್ಲಿಸಿದ್ದು?"

"ಆರು ದಿನ ಆಯ್ತು. ನಾನೇ ನಿಲ್ಲಿಸಿದೆ."

ಅವರು ನನ್ನನ್ನು ಬೈಯಲಿಲ್ಲ, ಅದಕ್ಕೆ ಸಮಯವಿರಲಿಲ್ಲ. ಗ್ಲೂಕೋಸನ್ನೂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನೂ ರಕ್ತನಾಳಕ್ಕೆ ಕೊಟ್ಟರು. ಸಂಜೆಯ ಹೊತ್ತಿಗೆ ಮಗು ಅತ್ತಿತು. ಆಮೇಲೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಮೂತ್ರಪಿಂಡದ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಯಿದೆ. ಸ್ಟೀರಾಯ್ಡ್ ಅನ್ನು ತಯಾರಿಸುವುದು ಅದೇ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ಹೊರಗಿನದನ್ನು ಒಮ್ಮೆಲೇ ತಡೆದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಸಣ್ಣ ನೆಗಡಿ ಬಂದರೂ ರಕ್ತದ ಸಕ್ಕರೆ ಕುಸಿದು ಜೀವಕ್ಕೆ ಅಪಾಯ ಬರುತ್ತದೆ. ನಿಲ್ಲಿಸುವುದಾದರೆ ವಾರಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋಗಬೇಕು.

"ಒಂಬತ್ತು ಗಂಟೆಗೇ ಹೇಳಿದ್ದರೆ..." ಎಂದರು. ಮತ್ತೆ ಮಗುವಿನ ಹಾಸಿಗೆಯತ್ತ ಹೋದರು.

ಮುಂದಿನ ತಿಂಗಳುಗಳಲ್ಲಿ ಔಷಧವನ್ನು ಹಂತಹಂತವಾಗಿ ಇಳಿಸಿದರು. ಸ್ಟೀರಾಯ್ಡಿನಿಂದಲೇ ಬಂದಿದ್ದ ಊತ ಕರಗಿತು, ಹಣೆಯ ಕೂದಲೂ ಉದುರಿತು. ಎಕ್ಸಿಮಾ ಮರಳಿ ಬಂತು. ಅದಕ್ಕೆ ಉಗುರುಬೆಚ್ಚನೆಯ ನೀರಿನ ಚಿಕ್ಕ ಸ್ನಾನ, ಒದ್ದೆ ಆರುವ ಮೊದಲೇ ಬರೀ ವ್ಯಾಸಲೀನು, ಮೆತ್ತನೆಯ ಹತ್ತಿ ಬಟ್ಟೆ, ಕತ್ತರಿಸಿದ ಉಗುರು. ಮೊದಲ ದಿನವೇ ಇಷ್ಟನ್ನೂ ಕಲಿಸಬೇಕಿತ್ತು. ಬೀದಿಯಲ್ಲಿ ಮಾತ್ರ ಬೇರೆ ಸುದ್ದಿ ಹಬ್ಬಿತು: "ಗುಂಡುಕಲ್ಲಿನಂಗಿದ್ದ ಕೂಸು, ಆ ನರ್ಸಮ್ಮನ ದೃಷ್ಟಿಗೆ ಇಳಿದೋಯ್ತು." ಮಾಡಿದ ತಪ್ಪಿಗೆ ಯಾರೂ ಬೈಯದೆ, ಮಾಡದ ತಪ್ಪಿಗೆ ಬೈಸಿಕೊಳ್ಳುವುದರಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ನಾಚಿಕೆಯಿಂದ ಹೇಳುತ್ತೇನೆ, ಆ ನೆಮ್ಮದಿಯನ್ನು ಎರಡು ವರ್ಷ ಅನುಭವಿಸಿದೆ.

ಮಂಜು ಎರಡು ತುಂಬಿದ ಮೇಲೆ ನಡೆದ. ಅಂದು ಸಕ್ಕರೆ ಕುಸಿದು ಮಿದುಳಿಗೆ ಬಿದ್ದ ಪೆಟ್ಟಿನಿಂದ ಬಲಗೈ ಸ್ವಾಧೀನಕ್ಕೆ ಬರಲಿಲ್ಲ. ಏನಾದರೂ ಕೊಟ್ಟರೆ ಎಡಗೈ ಚಾಚುತ್ತಿದ್ದ, ಬಲಗೈ ಎದೆಯ ಹತ್ತಿರ ಮುದುಡಿಕೊಂಡೇ ಇರುತ್ತಿತ್ತು. ಒಂದು ಮಧ್ಯಾಹ್ನ ನಂಜಮ್ಮ ಯಾರದೋ ಮನೆಗೆ ನೀರು ಹಾಕಲು ಹೋಗಿದ್ದಳು. ಸರೋಜ ರಾಟೆಯ ಮುಂದೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಏಳು ದಿನದ ಮಾತು, ಏಕಾಏಕಿ ನಿಲ್ಲಿಸಿದ್ದು, ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನಿದ್ದ ಒಂದೂವರೆ ಗಂಟೆ.

ಅವಳು ರಾಟೆ ನಿಲ್ಲಿಸಲಿಲ್ಲ.

"ಗೊತ್ತು ಕಣಮ್ಮ," ಅಂದಳು. "ಅವತ್ತು ಬೆಂಚಿನ ಮ್ಯಾಲೆ ನಿಮ್ ಪಕ್ಕದಾಗೇ ಕೂತಿದ್ನಲ್ಲ. ಮೊದ್ಲಿಂದ ಆ ಚೀಲದ ಬಾಯಿ ಬಿಗಿಯಾಗಿ ಹಿಡ್ಕಂಡಿದ್ರಿ. ಟ್ಯೂಬು ತೆಗೆದಾಗ ಗೊತ್ತಾಯ್ತು ಯಾಕೆ ಅಂತ."

"ಮತ್ತೆ ಯಾಕೆ ಕೇಳಲಿಲ್ಲ ನನ್ನ?"

"ನಿಮ್ಮನ್ನ ಕೇಳಿದ್ರೆ ನಮ್ಮತ್ತೆಗೆ ಗೊತ್ತಾಯ್ತದೆ. ತನ್ ಕೈಯಿಂದ್ಲೇ ಆಗಿದ್ದು ಅಂತ ಗೊತ್ತಾದ್ರೆ ಆಯಮ್ಮ ಬದುಕಲ್ಲ. ದೃಷ್ಟಿ ಅಂತಾನೇ ಇರ್ಲಿ ಬಿಡಿ. ಹೋಯ್ತೀರಾ? ಬಾಗಿಲು ಮುಂದಕ್ಕೆ ಎಳ್ಕೊಂಡು ಹೋಗಿ, ನೂಲಿಗೆ ಗಾಳಿ ಬಡೀತದೆ."

ಈಗ ನನಗೆ ನಲವತ್ತೆಂಟು. ಹೊಸದಾಗಿ ಸೇರುವ ನರ್ಸುಗಳಿಗೆ ಆಗಾಗ ಪಾಠ ಹೇಳುತ್ತೇನೆ. ಮಗುವಿನ ಮೈಗೆ ಏನು ಹಚ್ಚುತ್ತಾರೆ, ಎಷ್ಟು, ಎಂದಿನಿಂದ ಎಂದು ನೀರು ಹಾಕುವವರನ್ನೇ ಕೇಳಿ ಅನ್ನುತ್ತೇನೆ. ತೂಕದ ಜೊತೆ ಉದ್ದವನ್ನೂ ಅಳೆಯಿರಿ, ಗೆರೆ ಏರಿದಾಗಲೂ ಯಾಕೆ ಏರಿತು ಎಂದು ಕೇಳಿ ಅನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಕೊನೆಯ ಮಾತು ಹೇಳುವಾಗ ಪೆನ್ನು ಕೆಳಗಿಡಿ ಅನ್ನುತ್ತೇನೆ. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ, ನಿಮ್ಮ ಕೈಯಲ್ಲೂ ಆಗುತ್ತದೆ. ಆದಾಗ ಮಗು ಇನ್ನೂ ಉಸಿರಾಡುತ್ತಿರುವಾಗಲೇ, ಕೇಳುವವರಿಗೆ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿದ್ದರಿಂದ ನನ್ನ ಎದೆ ಹಗುರಾಗಬಹುದಿತ್ತು, ಅದೂ ಆಗಲಿಲ್ಲ. ಆ ಹುಡುಗನ ಕೈಗಂತೂ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.