ಹಣ್ಣು ಬೇಡ, ಕಾಯಿ ತನ್ನಿ

ಕೊರೊನಾ ಕಳೆದು ಮೂರನೆಯ ಬೇಸಿಗೆ. ತುಮಕೂರಿನ ದಿನಪತ್ರಿಕೆಯೊಂದರಲ್ಲಿ ನಾನು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೃಷಿ ವರದಿಗಾರನಾಗಿದ್ದೆ. ಸಿ.ಎಸ್. ಪುರದ ಹತ್ತಿರದ ಹಳ್ಳಿಯೊಂದರಲ್ಲಿ ಸಣ್ಣ ರೈತರು ಸೇರಿ ಕಟ್ಟಿಕೊಂಡ ಉತ್ಪಾದಕರ ಕಂಪನಿಯ ಮೊದಲ ಲೋಡ್ ಹಲಸು ಬೆಂಗಳೂರಿಗೆ ಹೊರಡಲಿತ್ತು. ಒಂದು ಫೋಟೊ, ನಾಲ್ಕು ಸಾಲು ಸಾಕು ಎಂದು ಡೆಸ್ಕಿನವರು ಹೇಳಿದ್ದರು.

ಆ ಭಾಗದಲ್ಲಿ ಹಲಸನ್ನು ತೂಗಿ ಮಾರುವ ರೂಢಿ ಇರಲಿಲ್ಲ. ಮಿಡಿ ಬಿಟ್ಟಾಗಲೇ ವ್ಯಾಪಾರಿ ಬಂದು, ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿ, ಇಡೀ ಮರಕ್ಕೊಂದು ಬೆಲೆ ಹೇಳುತ್ತಿದ್ದ. ಕೊಯ್ಲೂ ಅವನದೇ. ಎಷ್ಟು ತೂಗಿತು ಎಂಬುದು ಮರದ ಒಡೆಯನಿಗೆ ಗೊತ್ತಾಗುತ್ತಿರಲಿಲ್ಲ. ಕಂಪನಿ ಕಿಲೋ ಲೆಕ್ಕದಲ್ಲಿ ಕೊಂಡು ಚಿಪ್ಸ್ ತಯಾರಕರಿಗೆ ನೇರವಾಗಿ ಮಾರುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದವರು ಅಧ್ಯಕ್ಷೆ ಜಯಮ್ಮ. ಅವರನ್ನು ನಂಬಿ ಊರಿನವರು ಆ ವರ್ಷ ಮರ ಗುತ್ತಿಗೆ ಕೊಡಲಿಲ್ಲ. ಚಿಪ್ಸಿಗೆ ಬಲಿತ ಕಾಯಿಯೇ ಬೇಕು, ಹಣ್ಣಾದರೆ ಬಾರದು. ಅಂದಿನ ಲಾರಿ ಖಾಲಿ ಹೋದರೆ ಕೊಳ್ಳುವವರು ಬೇರೆ ಊರು ನೋಡಿಕೊಳ್ಳುತ್ತಿದ್ದರು. ಜಯಮ್ಮನ ಮಾತಿಗೆ ಮತ್ತೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ.

ನಾನು ತಲುಪಿದಾಗ ಕಂಪನಿಯ ಶೆಡ್ಡಿನ ಮುಂದೆ ಜನ ಕಿಕ್ಕಿರಿದಿದ್ದರು. ಹಲಸು ಮಾತ್ರ ಒಂದೂ ಕಾಣಲಿಲ್ಲ. ಮೂಟೆ ಮೂಟೆ ತೆಂಗಿನಕಾಯಿ ಬಿದ್ದಿತ್ತು. ತಪ್ಪು ಊರಿಗೆ ಬಂದೆನೇ ಎಂದು ಬೋರ್ಡನ್ನು ಮತ್ತೊಮ್ಮೆ ಓದಿದೆ. ಊರು ಸರಿಯಾಗಿಯೇ ಇತ್ತು.

ಕಂಪನಿಯ ಖರೀದಿ ನೋಡಿಕೊಳ್ಳುತ್ತಿದ್ದ ಶ್ವೇತಾ ಕಲಬುರಗಿ ಕಡೆಯವರು, ಹೊಸದಾಗಿ ಬಂದವರು. ಮುಖ ಬೆವರಿತ್ತು. "ಹಲಸು ಎಲ್ಲೈತ್ರೀ?" ಎಂದು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

"ನೀವೇ ತಾನೆ ವಾಟ್ಸಾಪಲ್ಲಿ ವಾಯ್ಸ್ ಕಳ್ಸಿದ್ದು, ಹಣ್ಣು ಬ್ಯಾಡ, ಕಾಯಿ ತನ್ನಿ ಅಂತ?" ಎಂದರು ಜಯಮ್ಮನ ಗಂಡ ರಂಗಸ್ವಾಮಿ. ಅವರ ಕಾಲ ಬಳಿಯೂ ಒಂದು ಮೂಟೆ ಇತ್ತು.

"ಹೌದ್ರೀ. ಆದ್ರ ಇದು ಟೆಂಗಿನಕಾಯಿ!"

"ತೆಂಗಿನಕಾಯಿ ಕಾಯಲ್ದೆ ಇನ್ನೇನವ್ವ, ಬದ್ನೇಕಾಯಾ?"

ಜನ ನಕ್ಕರು. ಶ್ವೇತಾ ನಗಲಿಲ್ಲ. ಅವರ ಊರಲ್ಲಿ ತೆಂಗಿನ ತೋಟಗಳಿಲ್ಲ. ಕಾಯಿ ಎಂದರೆ ಇನ್ನೂ ಹಣ್ಣಾಗದ್ದು, ಅಷ್ಟೆ. ಗುಬ್ಬಿ ಸೀಮೆಯಲ್ಲಿ ಬರೀ ಕಾಯಿ ಎಂದರೆ ತೆಂಗಿನಕಾಯಿ. ಹಲಸನ್ನು ಮರದಲ್ಲಿದ್ದಾಗಲೂ ಹಣ್ಣು ಎಂದೇ ಕರೆಯುತ್ತಾರೆ. ಮುಂದೆ ತೆಂಗಿಗೂ ಒಳ್ಳೆಯ ಬೆಲೆ ಕೊಡಿಸೋಣ ಎಂದು ಹಿಂದಿನ ಸಭೆಯಲ್ಲಿ ಮಾತಾಗಿತ್ತು. ಅದೇ ಬಂತೆಂದು ಎಲ್ಲರೂ ಮೂಟೆ ಕಟ್ಟಿದ್ದರು. ಇಬ್ಬರು ಮಾತ್ರ ಸರಿಯಾಗಿ ತಿಳಿದುಕೊಂಡಿದ್ದರು. ಅವರಿಗೆ ಮರ ಹತ್ತುವವರು ಸಿಕ್ಕಿರಲಿಲ್ಲ.

ಇದು ಹಲಸಿನ ವ್ಯಾಪಾರಿ ಅಮೀರ್ ಸಾಬರ ಕಿತಾಪತಿ ಎಂದು ಯಾರೋ ಕೂಗಿದರು. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಸಾಬರು ಲೋಟ ಕೆಳಗಿಟ್ಟರು. "ನಂಗೆ ವಾಟ್ಸಾಪೇ ಬರಲ್ಲಪ್ಪ. ಏನಾಗ್ತದೆ ನೋಡಣ ಅಂತ ಬಂದೆ."

ಅಷ್ಟರಲ್ಲಿ ಲಾರಿ ಬಂತು. ದಾರಿ ತೋರಿಸಲು ಕುಣಿಗಲ್‌ವರೆಗೆ ಹೋಗಿದ್ದ ಜಯಮ್ಮ ಕ್ಯಾಬಿನ್ನಿಂದ ಇಳಿದು ಮೂಟೆಗಳನ್ನು ನೋಡಿದರು, ಗಂಡನನ್ನು ನೋಡಿದರು. "ಏನ್ರೀ ಇದು?"

"ಕಾಯಿ. ನಿನ್ ಕಂಪ್ನಿ ಮಾತು ಮೀರಕ್ಕಾಯ್ತದಾ?"

ಕತ್ತಲಾಗುವ ಮೊದಲು ಹೊರಡಲೇಬೇಕು ಎಂದ ಡ್ರೈವರ್. ಒಬ್ಬರು ಶ್ವೇತಾರನ್ನು ಬೈದರು, ಇನ್ನೊಬ್ಬರು ಫೋನನ್ನು ಬೈದರು. ತೆಂಗಿನಕಾಯಿಯನ್ನೇ ತುಂಬಿ ಕಳಿಸಿ ಎಂದರು ಮತ್ತೊಬ್ಬರು. ನನ್ನ ನೋಟ್‌ಬುಕ್ಕಿನ ಪುಟದಲ್ಲಿ ಒಂದಕ್ಕೊಂದು ಹೊಂದದ ಏಳೆಂಟು ವಾಕ್ಯಗಳಾಗಿದ್ದವು. ಜಯಮ್ಮ ನೇರವಾಗಿ ಟೀ ಅಂಗಡಿಗೆ ನಡೆದರು.

"ಸಾಬ್ರೇ, ನಿಮ್ ಆಳುಗಳು ಎಲ್ಲವ್ರೆ?"

"ಊರಲ್ಲೇ ಅವ್ರೆ. ಈ ವರ್ಷ ನೀವೆಲ್ಲಿ ಕೆಲ್ಸ ಮಡಗಿದ್ರಿ ಜಯಕ್ಕ?"

"ಈಗ ಕಳ್ಸಿ."

"ಕಳಿಸ್ತೀನಿ. ಮರದ ಲೆಕ್ಕ ಹಳೇದೇ ತಾನೆ?"

ಹೂಂ ಅಂದರೆ ಲಾರಿ ತುಂಬುತ್ತದೆ, ಕಂಪನಿ ಮುಗಿಯುತ್ತದೆ. ಊಹೂಂ ಅಂದರೂ ಮುಗಿಯುತ್ತದೆ.

"ಹಗ್ಗ ನಿಮ್ದು, ತಕ್ಕಡಿ ನಮ್ದು" ಎಂದರು ಜಯಮ್ಮ. "ಇಳ್ಸಿದ್ದಕ್ಕೆ ಕಿಲೋಗಿಷ್ಟು ಅಂತ ತಗಳಿ. ಮರ ಕೊಡಕ್ಕಿಲ್ಲ."

ಸಾಬರು ಅಭ್ಯಾಸಬಲದಿಂದ ಪಕ್ಕದ ಹಲಸಿನ ಮರದತ್ತ ತಲೆ ಎತ್ತಿದರು. "ಕೂಲಿಗೆ ಒಪ್ಕಂಡೆ ಅಂತ, ನಮ್ಮಪ್ಪ ಇದ್ದಿದ್ರೆ ನನ್ನೇ ಮರದಿಂದ ಇಳ್ಸೋರು" ಎಂದು ಗೊಣಗಿ ಆಳುಗಳಿಗೆ ಫೋನ್ ಮಾಡಿದರು.

ಕಾಯಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದರು; ನೆಲಕ್ಕೆ ಬಿದ್ದು ಬಿರಿದರೆ ಕೊಳ್ಳುವವರು ಒಪ್ಪುವುದಿಲ್ಲ. ರಂಗಸ್ವಾಮಿ ತಮ್ಮ ಮರದ ಕಾಯಿಯನ್ನು ಎರಡು ಸಲ ತೂಗಿಸಿದರು. "ಇಷ್ಟು ವರ್ಷ ನಮ್ ಮರ ಇಷ್ಟೊಂದು ತೂಗ್ತಿತ್ತಾ?" ಎಂದು ಒಬ್ಬರೇ ಹೇಳಿಕೊಂಡರು. ಲಾರಿ ಪೂರ್ತಿ ತುಂಬಲಿಲ್ಲ. ಆದರೆ ಖಾಲಿ ಹೋಗಲಿಲ್ಲ.

ಡೆಸ್ಕಿನಿಂದ ಫೋನ್ ಬಂತು. "ದಲ್ಲಾಳಿಗೆ ಸೋಲು ಅಂತ ಹೆಡ್ಡಿಂಗ್ ಕೊಡೋಣವೇ?" ದಲ್ಲಾಳಿಯ ಆಳುಗಳು ಇನ್ನೂ ಮರದ ಮೇಲಿದ್ದರು. ಗೆದ್ದವರು ಯಾರು ಎಂದು ಜಯಮ್ಮನನ್ನೇ ಕೇಳಿದೆ.

"ತಕ್ಕಡಿ ಮೇಲೆ ಯಾರ್ ಕೈ ಇತ್ತು, ಅದ್ನ ಬರ್ಕಳಿ ಸಾ."

ಅದನ್ನೇ ಬರೆದೆ. ಸಣ್ಣ ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಬರಲು ಎಷ್ಟೊಂದು ಕೊಂಡಿ ಕೂಡಬೇಕು, ಒಂದು ಪದ ಜಾರಿದರೆ ಎಲ್ಲವೂ ಹೇಗೆ ಕಳಚುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಅಲ್ಲಿಂದ ಮುಂದೆ ಯಾವ ಯೋಜನೆಯ ಸುದ್ದಿ ಬರೆದರೂ, ಹೇಳಿದವರ ಮಾತು ಗುರುತು ಹಾಕಿಕೊಂಡ ಮೇಲೆ ಕೇಳಿಸಿಕೊಂಡವರನ್ನೂ ವಿಚಾರಿಸುತ್ತೇನೆ: ನಿಮಗೆ ಏನು ಅಂತ ಅರ್ಥವಾಯಿತು?

ಮುಂದಿನ ಲೋಡಿನ ಸಂದೇಶ ಜಯಮ್ಮನ ದನಿಯಲ್ಲೇ ಬಂತು. "ಹಲಸಿನಕಾಯಿ ತನ್ನಿ. ತೆಂಗಿನಕಾಯಿ ಅಲ್ಲ. ನಮ್ಮನೆಯವ್ರಿಗೂ ಹೇಳಿದೀನಿ."