ಭೀಮಸಿ ಮಿಸ್ತ್ರಿಯ ಕೈಗುಣ

ಉಗಾರ ಬುದ್ರುಕದ ದಾರಿಯಲ್ಲಿ ಕಬ್ಬು ಹೇರಿಕೊಂಡು ಹೋಗುವ ಯಾವ ಟ್ರ್ಯಾಕ್ಟರ್ ಡ್ರೈವರನನ್ನು ಕೇಳಿದರೂ ಒಂದೇ ಮಾತು: ಟ್ರೇಲರಿನ ಗಾಲಿ ಅಲುಗಾಡಿದರೆ ಭೀಮಸಿ ಮಿಸ್ತ್ರಿ ಹತ್ತಿರ ಹೋಗಬೇಕು. ಅವನು ಬೇರಿಂಗ್ ಕೂರಿಸಿದರೆ ಸೀಜನ್ ಮುಗಿಯುವ ತನಕ ಆ ಗಾಲಿಯ ಚಿಂತೆಯಿಲ್ಲ. ಕೈಗುಣ ಅಂದರೆ ಅದಪ್ಪಾ, ಎನ್ನುತ್ತಿದ್ದರು. ಆ ಕೈಗಳಿಗೆ ಚಹಾದ ಕಪ್ಪನ್ನು ತುಳುಕಿಸದೆ ಎತ್ತುವ ತಾಕತ್ತೂ ಉಳಿದಿಲ್ಲ ಎನ್ನುವುದು ಅವನ ಹೆಂಡತಿ ತಾರವ್ವ ಒಬ್ಬಳಿಗೇ ಗೊತ್ತಿತ್ತು.

ಮೊದಮೊದಲು ತಾರವ್ವ ಹಳೆಯ ಬೇರಿಂಗುಗಳನ್ನು ಡೀಸೆಲ್‌ನಲ್ಲಿ ತೊಳೆದು ಕೊಡುತ್ತಿದ್ದಳು, ನಟ್ ಬಿಚ್ಚಲು ಗಂಡ ಕೇಳಿದ ಪಾನಾ ಅವನ ಕೈಗಿಡುತ್ತಿದ್ದಳು. ನೋಡಿ ನೋಡಿಯೇ ಕಲಿತಳು. ಭೀಮಸಿಗೆ ಕೈನಡುಕ ಶುರುವಾಗಿ, ಒಂದು ದಿನ ಸುತ್ತಿಗೆ ಜಾರಿ ಹೊಸ ಬೇರಿಂಗೇ ಒಡೆದುಹೋಯಿತು. ಇನ್ನೊಂದನ್ನು ಅವಳೇ ಕೂರಿಸಿದಳು, ನೆಟ್ಟಗೆ ಕೂತಿತು. ಭೇಷ್ ಅನ್ನುವ ಬಾಯಿ ಅವನಿಗೆ ಎಲ್ಲಿತ್ತು? ಮರುದಿನ ನಿಪ್ಪಾಣಿಗೆ ಹೋಗಿ ಲಾರಿಗೆ ಹೊದಿಸುವಂಥ ದೊಡ್ಡದೊಂದು ತಾಡಪತ್ರಿ ತಂದ.

ಅವತ್ತಿನಿಂದ ಕೆಲಸಕ್ಕೆ ಬಂದ ಟ್ರೇಲರಿನ ಸುತ್ತ ತಾಡಪತ್ರಿ ಕಟ್ಟುವುದು ಪದ್ಧತಿಯಾಯಿತು. "ಧೂಳ ಬಿದ್ರ ಬೇರಿಂಗ್ ಕೆಡತೈತಿ, ನೀವು ಚಾ ಕುಡದ ಬರ್ರಿ" ಎಂದು ಡ್ರೈವರುಗಳನ್ನು ಸಾಗಹಾಕುತ್ತಿದ್ದ. ಒಳಗೆ ತಾರವ್ವ ಜಾಕ್ ಏರಿಸಿ, ಗಾಲಿ ಬಿಚ್ಚಿ, ಸವೆದದ್ದನ್ನು ಕಿತ್ತು, ಹೊಸದಕ್ಕೆ ಗ್ರೀಸ್ ತುಂಬಿ ಕೂರಿಸುತ್ತಿದ್ದಳು. ನಟ್ ಬಿಗಿದು, ಚೂರೇ ಚೂರು ಹಿಂದಕ್ಕೆ ಬಿಟ್ಟು, ಗಾಲಿ ತಿರುಗಿಸಿ ಕಿವಿಗೊಡುತ್ತಿದ್ದಳು. ಭೀಮಸಿ ಪಕ್ಕದಲ್ಲಿ ಡಬ್ಬಿಯ ಮೇಲೆ ಕೂತು, ಹೊರಗಿನವರಿಗೆ ಕೇಳುವ ಹಾಗೆ ನಟ್ಟಿಗೆ ಬೈಯುತ್ತಿದ್ದ. ಕೆಲಸ ಮುಗಿದ ಮೇಲೆ ಅವಳ ಮೊಣಕೈಯಿಂದಲೇ ಗ್ರೀಸ್ ಬಳಿದು ತನ್ನ ಅಂಗೈಗೆ ಹಚ್ಚಿಕೊಂಡು, ನಡುಕ ಕಾಣದ ಹಾಗೆ ಕೈಗೆ ಅರಿವೆ ಸುತ್ತಿಕೊಂಡು ಹೊರಗೆ ಬರುತ್ತಿದ್ದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

"ಇಕಿಗೆ ಪಾನಾ ಯಾವದು, ಹಾರಿ ಯಾವದು ಇನ್ನೂ ತಿಳೀವಲ್ದು" ಎಂದು ಡ್ರೈವರುಗಳ ಮುಂದೆ ಅವಳನ್ನು ಆಡಿಕೊಂಡು ನಗುತ್ತಿದ್ದ. ಅವರೂ ನಗುತ್ತಿದ್ದರು.

ಒಮ್ಮೆ ಜಾಕ್ ಜಾರಿ ತಾರವ್ವನ ಬೆರಳು ಗಾಲಿಯ ಹಬ್ ಕೆಳಗೆ ಸಿಕ್ಕಿತು. ತಡೆಯಲಾರದೆ ಚೀರಿದಳು. ಹೊರಗಿದ್ದ ಅಣ್ಣಾಸಾಬ, ಇವರ ಹಳೆಯ ಗಿರಾಕಿ, "ಏನಾತ್ರಿ ಮಿಸ್ತ್ರಿ?" ಎಂದು ಕೂಗಿದ.

"ಏನಿಲ್ಲೋ, ನಾಯಿ. ಒಳಗ ಹೊಕ್ಕಿತ್ತು, ಒದ್ದೆ" ಎಂದ ಭೀಮಸಿ.

ತಾರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಇನ್ನೊಂದು ಕೈಯಿಂದ ಕೆಲಸ ಮುಗಿಸಿದಳು. ಬೆರಳಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಆ ರಾತ್ರಿ ಗಂಡನನ್ನು ಕೇಳಿದಳು. "ಒಬ್ಬರ ಮುಂದರ ಖರೇ ಹೇಳ್ರಿ. ಆ ಅಣ್ಣಾಸಾಬನ ಮುಂದರ ಹೇಳ್ರಿ. ನಾಳಿ ನೀವು ಇಲ್ಲಂದ್ರ ನನ್ನ ಕೈಯಾಗ ಯಾರ ಗಾಲಿ ಕೊಡ್ತಾರ? ನಾ ಏನ ತಿನ್ಲಿ?"

"ಸೀಜನ್ ಮುಗೀಲಿ, ಹೇಳ್ತೀನಿ" ಎಂದ.

ಸೀಜನ್ ಮುಗಿಯಿತು, ಮತ್ತೊಂದು ಬಂತು. ಪ್ರತಿ ಸಲವೂ ಅದೇ ಉತ್ತರ. ತಾರವ್ವನಿಗೆ ಹೊಗಳಿಕೆಯ ಹಸಿವಿರಲಿಲ್ಲ. ಅವನ ಬಾಯಿಂದ ಬರುವ ಒಂದು ಮಾತು ಸಾಕಿತ್ತು, ಅವನ ನಂತರ ಅದರ ಮೇಲೆಯೇ ಅವಳು ಬದುಕಬೇಕಿತ್ತು.

ಕಡೆಗೆ ಭೀಮಸಿ ಹಾಸಿಗೆ ಹಿಡಿದ. ಅಥಣಿಯ ಡಾಕ್ಟರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಡ್ರೈವರುಗಳೆಲ್ಲ ನೋಡಲು ಬಂದರು. ಅಣ್ಣಾಸಾಬ ಕಾಲ ಬಳಿ ಕೂತು ಕಣ್ಣೊರೆಸಿಕೊಳ್ಳುತ್ತ, "ಇನ್ನ ನಮ್ಮ ಗಾಲಿ ಯಾರ ನೋಡ್ತಾರ್ರಿ ಮಿಸ್ತ್ರಿ?" ಎಂದು ಕೇಳಿದ.

ಗಂಜಿ ಕುಡಿಸುತ್ತಿದ್ದ ತಾರವ್ವನ ಕೈ ನಿಂತಿತು. ಭೀಮಸಿ ಅವಳ ಮುಖವನ್ನು ಚೆನ್ನಾಗಿ ನೋಡಿದ. ಬುದ್ಧಿ ನೆಟ್ಟಗೇ ಇತ್ತು, ಮರೆವು ಗಿರೆವು ಏನೂ ಇರಲಿಲ್ಲ. "ಅದು ಯಾರಿಗೂ ಬರೂದಿಲ್ಲೋ. ನನ್ನ ಜೋಡೀನ ಹೋಗತೈತಿ" ಎಂದ. ಎಂದು, ಗಂಜಿಗಾಗಿ ಬಾಯಿ ತೆರೆದ.

ಅಂಥ ನಾಲಿಗೆಗೆ ಹುಳ ಬೀಳಬೇಕು. ಆದರೆ ತಾರವ್ವ ಚಮಚ ಅವನ ಬಾಯಿಗಿಟ್ಟಳು.

ಅವನು ಸತ್ತ ಮೇಲೆ ಟ್ರೇಲರುಗಳು ಅವಳ ಬಾಗಿಲು ದಾಟಿ ರಾಯಬಾಗ ರಸ್ತೆಯ ಇನ್ನೊಬ್ಬ ಮಿಸ್ತ್ರಿಯ ಕಡೆ ಹೋಗತೊಡಗಿದವು. ತಾರವ್ವ ಅಣ್ಣಾಸಾಬನನ್ನು ನಿಲ್ಲಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವನು ಅವಳನ್ನು ಕನಿಕರದಿಂದ ನೋಡಿ, "ದುಃಖಾ ಭಾಳ ಆಗೈತ್ರಿ ವೈನಿ, ಒಂದೀಟು ಮಕ್ಕೋರಿ" ಎಂದ. ಮಿಸ್ತ್ರಿಯ ಹೆಂಡತಿಗೆ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ಹಬ್ಬಿತು. ಅವಳು ಅವರಿವರ ಹೊಲದಲ್ಲಿ ಕಬ್ಬಿನ ಒಣ ಸೋಗೆ, ರವದಿ ಆರಿಸಲು ಹೋಗತೊಡಗಿದಳು.

ಮುಂದೊಂದು ದಿನ ಅಣ್ಣಾಸಾಬನ ತುಂಬಿದ ಟ್ರೇಲರೇ ಅವಳ ಮನೆ ಮುಂದೆ ಗಾಲಿ ಓರೆಯಾಗಿ ನಿಂತುಬಿಟ್ಟಿತು. ಹಿಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು. ಆ ಇನ್ನೊಬ್ಬ ಮಿಸ್ತ್ರಿ ಊರಲ್ಲಿರಲಿಲ್ಲ. ತಾರವ್ವ ಯಾರನ್ನೂ ಕೇಳದೆ ಜಾಕ್ ತಂದಿಟ್ಟಳು. ತಾಡಪತ್ರಿಯಿಲ್ಲದೆ, ಎಲ್ಲರ ಕಣ್ಣೆದುರು, ಪುಡಿಯಾದ ಬೇರಿಂಗ್ ಕಿತ್ತಳು, ಮನೆಯಲ್ಲಿ ಉಳಿದಿದ್ದ ಹೊಸದನ್ನು ಕೂರಿಸಿದಳು, ನಟ್ ಬಿಗಿದು ಚೂರು ಬಿಟ್ಟಳು. ಗಾಲಿ ಸದ್ದಿಲ್ಲದೆ ತಿರುಗಿತು.

ಅಣ್ಣಾಸಾಬ ಗಾಲಿಯನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿದ. ಅವನ ಕಣ್ಣು ತುಂಬಿಬಂತು. ಇದು ನಿಮ್ಮದೇ ಕೈಗುಣ ಎಂದು ಈಗಲಾದರೂ ಅನ್ನುತ್ತಾನೆ ಎಂದುಕೊಂಡಳು ತಾರವ್ವ.

ಅವನು ಉಳಿದವರ ಕಡೆ ತಿರುಗಿದ. "ನೋಡ್ರಿ, ಪಾನಾ ಗೊತ್ತಿಲ್ಲದ ಹೆಂಗಸಿಗೂ ವಿದ್ಯಾ ಕೊಟ್ಟ ಹೋಗ್ಯಾನ. ದೇವರಂಥಾ ಮನಶಾ ಇದ್ದ ನಮ್ಮ ಭೀಮಸಿ."

ಡ್ರೈವರುಗಳೆಲ್ಲ ಸೇರಿ ಭೀಮಸಿಯ ದೊಡ್ಡ ಫೋಟೋ ಮಾಡಿಸಿ ತಂದು ಅವಳ ಮನೆಯ ಮುಂಗೋಡೆಗೆ ತೂಗುಹಾಕಿದರು. ಈಗ ತಾರವ್ವನಿಗೆ ಗಿರಾಕಿಗಳ ಕೊರತೆಯಿಲ್ಲ. ಬಂದವರು ಮೊದಲು ಫೋಟೋಕ್ಕೆ ಕೈಮುಗಿಯುತ್ತಾರೆ, ಆಮೇಲೆ ಗಾಲಿ ತೋರಿಸುತ್ತಾರೆ. ಊದಿನಕಡ್ಡಿ ಹಚ್ಚಿಲ್ಲದ್ದು ಕಂಡರೆ, "ಅಂವನ ಋಣಾ ಮರೀಬ್ಯಾಡ್ರಿ ವೈನಿ" ಎಂದು ಅವಳಿಗೆ ಬುದ್ಧಿ ಹೇಳುತ್ತಾರೆ. ಅವಳು ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು, ಎದ್ದು ಹೋಗಿ, ಊದಿನಕಡ್ಡಿ ಹಚ್ಚುತ್ತಾಳೆ.