ಚಲುವರಾಜು ಕೂರಿಸಿದ ಗಾಜು

ಚಾಮರಾಜಪೇಟೆಯ ಒಂದು ಫೋಟೊ ಸ್ಟುಡಿಯೋದಲ್ಲಿ ಚಲುವರಾಜು ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಕನ್ನಡಕ ಹಾಕಿದ ಗಿರಾಕಿ ಬಂದರೆ ಅವರ ಕೈಗೆ ಗಾಜಿಲ್ಲದ ಫ್ರೇಮ್ ಕೊಟ್ಟು ಕೂರಿಸುತ್ತಿದ್ದರು. ಒಪ್ಪದವರ ಫೋಟೊದಲ್ಲಿ ಗಾಜಿನ ಮೇಲೆ ಬಿದ್ದ ಫ್ಲ್ಯಾಶಿನ ಬಿಳಿ ಚುಕ್ಕೆಯನ್ನು ಆಮೇಲೆ ಸಣ್ಣ ಕುಂಚದಿಂದ ಮುಚ್ಚುತ್ತಿದ್ದರು. ಹೆಂಡತಿ ಪ್ರೇಮಲತಾ ಕನ್ನಡಕ ಹಾಕಿಕೊಂಡ ಒಂದು ಫೋಟೊವೂ ಮನೆಯಲ್ಲಿರಲಿಲ್ಲ.

2003ರಲ್ಲಿ ಸ್ಟುಡಿಯೋ ಮುಚ್ಚಿತು. ಅವರಿಗಾಗ ನಲವತ್ತೇಳು. ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡುವುದನ್ನು ಆರು ತಿಂಗಳು ಕಲಿತು, ಬಸವನಗುಡಿಯಲ್ಲಿ ಮಹಾನಂದ ಎಂಬಾಕೆ ನಡೆಸುತ್ತಿದ್ದ ಜಾಹೀರಾತು ಆಫೀಸಿಗೆ ಕೆಲಸ ಕೇಳಿಕೊಂಡು ಹೋದರು. ಆಕೆ ಪರೀಕ್ಷೆಗೆಂದು ಕೊಟ್ಟದ್ದು ಕನ್ನಡಕದ ಅಂಗಡಿಯೊಂದರ ಬೋರ್ಡು: ಹರಡಿದ ದಿನಪತ್ರಿಕೆಯ ಮೇಲೆ ಒಂದು ಕನ್ನಡಕ.

ನಾಲ್ಕನೆಯ ದಿನ ಮಹಾನಂದ ಚಿತ್ರ ನೋಡಿದರು.

“ಫ್ರೇಮ್ ಚೆನ್ನಾಗಿದೆ. ಗಾಜೆಲ್ಲಿ?”

“ಇದೆಯಲ್ಲ ಮೇಡಂ, ಕ್ಲೀನಾಗಿದೆ.”

“ಬೆರಳು ತೂರಿಸಿದ್ರೆ ಆಚೆ ಬರೋ ಹಂಗಿದೆ. ಶುಕ್ರವಾರ ಅಂಗಡಿಯೋರು ಬರ್ತಾರೆ. ಅಷ್ಟರಲ್ಲಿ ಗಾಜು ಕಾಣಿಸ್ಬೇಕು. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ.”

ಕಂಪ್ಯೂಟರು ಗಾಜಿನ ಮೇಲೆ ಸ್ವಲ್ಪ ಹೊಳಪು ತೋರಿಸಿದರೂ ಸಾಕು, ಚಲುವರಾಜು ಅದನ್ನು ಅಳಿಸಿಬಿಡುತ್ತಿದ್ದರು. ತಪ್ಪು ಮಾಡುತ್ತಿದ್ದೇನೆಂದು ಅವರಿಗೆ ಅನಿಸಲೇ ಇಲ್ಲ.

ಗುರುವಾರ ಬೆಳಿಗ್ಗೆ ಪ್ರೇಮಲತಾ ಕನ್ನಡಕ ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಕಾಫಿ ಲೋಟ ಹಿಡಿದ ಚಲುವರಾಜು ಅವರ ಮುಖವನ್ನೇ ನೋಡುತ್ತ ನಿಂತರು.

“ಏನ್ರೀ ಹಂಗ್ ನೋಡ್ತೀರಾ? ಹೆಣ್ ನೋಡೋಕ್ ಬಂದಾಗ್ಲೂ ಹಿಂಗ್ ನೋಡ್ಲಿಲ್ಲ.”

“ಅಲ್ಲಾಡ್ಬೇಡ ಕಣೇ. ಗಾಜಲ್ಲಿ ಕಿಟಕಿ ಕಾಣ್ತಿದೆ.”

ಬಲಗಾಜಿನಲ್ಲಿ ಸರಳು ಸಮೇತ ಕಿಟಕಿ ಬಾಗಿ ಕೂತಿತ್ತು. ಗಾಜಿನ ಹಿಂದೆ ಕೆನ್ನೆಯ ಗೆರೆ ತುಂಡಾದಂತೆ ಒಂದಿಷ್ಟು ಒಳಕ್ಕೆ ಸರಿದಿತ್ತು.

“ಕಾಫಿ ಆರೋಗತ್ತೆ, ಕುಡೀರಿ,” ಎಂದರು ಪ್ರೇಮಲತಾ. ಆದರೂ ಅಲ್ಲಾಡಲಿಲ್ಲ.

ಆಫೀಸಿಗೆ ಹೋದವರೇ ಚಿತ್ರದೊಳಗೆ, ನೋಡುವವರ ಬೆನ್ನಿನ ಕಡೆಗೆ, ಒಂದು ಕಿಟಕಿ ನಿಲ್ಲಿಸಿದರು. ಚಿತ್ರದಲ್ಲಿ ಕಿಟಕಿ ಕಾಣದು. ಗಾಜಿಗೆ ಮಾತ್ರ ಕಾಣುತ್ತದೆ, ಅದರ ಹೊಳಪು ಗಾಜಿನ ಮೇಲೆ ಬೀಳುತ್ತದೆ. ಗಾಜಿಗೆ ದಪ್ಪ ಕೊಟ್ಟು, ಅಂಚಿಗಿಂತ ನಡುವೆ ತೆಳುವಾಗಿಸಿದರು. ಅದರಡಿಯ ಪತ್ರಿಕೆಯ ಅಕ್ಷರಗಳು ಚಿಕ್ಕದಾಗಿ ಪಕ್ಕಕ್ಕೆ ಸರಿದವು.

ಶುಕ್ರವಾರ ಅಂಗಡಿಯ ಮಾಲೀಕ ಶ್ರೀನಿವಾಸಯ್ಯ ಚಿತ್ರ ನೋಡಿ ತಲೆದೂಗಿದರು. “ಬಹಳ ಚೆನ್ನಾಗಿದೆ. ಆ ಬೆಳಕಿನ ಕಲೆ ಒಂದು ಒರೆಸಿಬಿಡಿ.”

ಮಹಾನಂದ ಚಲುವರಾಜು ಕಡೆ ನೋಡಿದರು. ಅವರ ಕೈ ಆಗಲೇ ಮೌಸಿನ ಮೇಲಿತ್ತು. ಚಲುವರಾಜು ಅದನ್ನು ಹಿಂದಕ್ಕೆ ತೆಗೆದುಕೊಂಡರು.

“ಆಗಲ್ಲ ಸಾರ್. ಅದನ್ನ ತೆಗೆದ್ರೆ ನೀವು ಬರೀ ಫ್ರೇಮ್ ಮಾರ್ತೀರಿ ಅನ್ಕೋತಾರೆ.”

ಶ್ರೀನಿವಾಸಯ್ಯ ಮತ್ತೊಮ್ಮೆ ಚಿತ್ರ ನೋಡಿ, “ಅಂಗಡಿ ನಂದು, ಬುದ್ಧಿ ನಿಮ್ದು!” ಎಂದು ನಕ್ಕರು. “ಇರ್ಲಿ ಬಿಡಿ.”

ಅವರು ಮೆಟ್ಟಿಲಿಳಿದ ಮೇಲೆ ಮಹಾನಂದ, “ಸೋಮವಾರದಿಂದ ಮನೆಯಿಂದ ಊಟ ತನ್ನಿ,” ಎಂದರು. “ಇಲ್ಲಿ ಹೋಟ್ಲಿಗೆ ಹೋದೋರು ಮೂರು ಗಂಟೆ ತನಕ ವಾಪಸ್ ಬರಲ್ಲ.”